ಕಾಡಿನೊಳಗಿರುವ ನಮ್ಮ ಕುಲದೇವರ ಜಾಗ ಉಳಿಸಿಕೊಳ್ಳಲು ಜಿಪಿಎಸ್ ಗುರುತು ಮಾಡಿಸಿದರೆ ಸಾಕೇ, ಇಲ್ಲ ಬೇಲಿ ಹಾಕಿ ಗುಡಿ ಕಟ್ಟಬೇಕೇ?

ಎರಡೂ ಬೇಡ. ಜಿಪಿಎಸ್ ಚುಕ್ಕೆ ಇಟ್ಟು ಕೆಟ್ಟವನು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನೀವು ಜೇನುಕುರುಬರ ಹಾಡಿಯವರು, ಹಾಡಿಯಲ್ಲಿ ಮೊದಲು ಡಿಗ್ರಿ ಮುಗಿಸಿದವರು, ಹಾಗಾಗಿ ಅರಣ್ಯ ಹಕ್ಕಿನ ಅರ್ಜಿ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದು ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟು ಕೂತೆ. ನಾನು ಸೋಲಿಗ, ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವನು. ನಿಮಗೆ ಹಾಡಿ ಹೇಗೋ ನಮಗೆ ಪೋಡು ಹಾಗೆ, ಕಾಡಿನ ನಮ್ಮ ಪುಟ್ಟ ಊರು. 2013ರಲ್ಲಿ ನಮ್ಮ ಪೋಡಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆಗ ಬೆಟ್ಟದಲ್ಲಿ ಎಂಥ ಗಾಳಿ ಬೀಸುತ್ತಿತ್ತು ಎಂಬುದನ್ನು ಹೇಳದಿದ್ದರೆ ನನ್ನ ಅವಸರ ನಿಮಗೆ ತಿಳಿಯುವುದಿಲ್ಲ. 1974ರಲ್ಲಿ ನಮ್ಮ ಕಾಡು ವನ್ಯಜೀವಿ ಧಾಮವಾಯಿತು. ಕಾಡೊಳಗೆ ಅಲ್ಲಲ್ಲಿ ಚದುರಿದ್ದ ಪೋಡುಗಳನ್ನು ಒಂದೆಡೆ ತಂದು ಕೂರಿಸಿದರು. ತರಗು ಬೆಂಕಿ, ಅಂದರೆ ನಾವು ತರಗೆಲೆಗೆ ಬಿಡುತ್ತಿದ್ದ ಸಣ್ಣ ಬೆಂಕಿ, ನಿಂತಿತು. 2006ರಲ್ಲಿ ನೆಲ್ಲಿಕಾಯಿ, ಜೇನು, ಪಾಚಿ ತಂದು ಮಾರುವುದೂ ನಿಂತಿತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಘೋಷಣೆ ಬಂತು. ಇನ್ನೇನು ಎಬ್ಬಿಸಿಯೇ ಬಿಡುತ್ತಾರೆ ಎಂದು ಎಲ್ಲರೂ ಹೆದರಿದ್ದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಮ್ಮ ಪೋಡು ಆ 25ರಲ್ಲಿ ಇರಲಿಲ್ಲ. ಪಕ್ಕದ ಪೋಡಿನವರ ಮನೆಯಲ್ಲಿ ಹಕ್ಕುಪತ್ರಕ್ಕೆ ಪ್ಲಾಸ್ಟಿಕ್ ಹಾಕಿ ಗೋಡೆಗೆ ತೂಗುಹಾಕಿದ್ದನ್ನು ನೋಡಿ ಬಂದ ನಮ್ಮ ಯಜಮಾನರು ನನ್ನನ್ನು ಕರೆದು, "ನೀ ಓದಿದ್ದೀಯಲ್ಲ ಮಗ, ನಮ್ಮದೂ ಬರಿ" ಅಂದರು.

ನಮ್ಮಲ್ಲಿ ಪ್ರತಿ ಕುಲಕ್ಕೂ ಎಲ್ಲೆ ಅಂತ ಇದೆ. ಅದು ಕುಲದ ನೆಲ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುತ್ತವೆ. ವೀರು ಕಾವಲಿನ ಶಕ್ತಿ. ಅಬ್ಬಿ ನೀರು ಹುಟ್ಟುವ ತಾಣ. ಕಲ್ಲುಗುಡಿ ಸತ್ತವರ ಹೆಸರಲ್ಲಿ ಕಲ್ಲು ನಿಲ್ಲಿಸುವ ಜಾಗ. ಬೆಟ್ಟದಲ್ಲಿ ಇಂಥ ತಾಣಗಳು ನೂರಾರು ಇವೆ. ಹೊರಗಿನವರಿಗೆ ಗೊತ್ತಿರುವುದು ಮೇಲಿನ ರಂಗನಾಥನ ಗುಡಿ, ತಪ್ಪಿದರೆ ಭಾರ್ಗವಿ ಹೊಳೆ ದಂಡೆಯ ದೊಡ್ಡ ಸಂಪಿಗೆ. ರಂಗಪ್ಪ ನಮಗೆ ಭಾವ. ನಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ಆ ನಂಟು ಇರಲಿ. ಆದರೆ ದಿನದ ಬದುಕು ನಡೆಯುವುದು ಎಲ್ಲೆಯೊಳಗಿನ ಈ ತಾಣಗಳ ನಡುವೆ.

ನಮ್ಮ ಅಜ್ಜ ಕುಲದ ತಮ್ಮಡಿ. ಪೂಜೆ ಅವರದ್ದೇ. ಜಿಪಿಎಸ್ ಯಂತ್ರವನ್ನು ಗೆಳೆಯನೊಬ್ಬನಿಂದ ಮೂರು ದಿನಕ್ಕೆ ತಂದಿದ್ದೆ. ಬ್ಯಾಟರಿ ಎರಡೇ ಜೊತೆ ಇದ್ದವು. ಅಜ್ಜ, ಅವರ ತಮ್ಮ, ಇನ್ನಿಬ್ಬರು ಹಿರಿಯರ ಜೊತೆ ಹೊರಟೆವು. ಅಜ್ಜ ನೇರವಾಗಿ ದೇವರ ಹತ್ತಿರ ಹೋಗಲಿಲ್ಲ. ಹಳೆ ಪೋಡಿನ ಬೂದಿಗುಡ್ಡೆ ಇದ್ದಲ್ಲಿಂದ ಶುರು ಮಾಡಿದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಇದು ಹೆಜ್ಜೇನು ಕೂರುವ ಮರ. ಇಲ್ಲಿ ನಿಮ್ಮ ಮುತ್ತಜ್ಜಿ ಗೆಣಸು ಅಗೆಯುತ್ತಿದ್ದಳು, ಅಗೆದ ಮೇಲೆ ಬಳ್ಳಿಯ ತುದಿ ಮತ್ತೆ ಹೂಳುತ್ತಿದ್ದಳು. ಇಲ್ಲಿಗಂಟ ತರಗು ಬೆಂಕಿ ಬಿಡ್ತಿದ್ದೊ, ಹಳ್ಳ ದಾಟಿಸ್ತಿರನಿಲ್ಲ. ಆ ಬಂಡೆಯ ಆಚೆ ನಮ್ಮ ನೆಂಟರ ಕುಲದ ಎಲ್ಲೆ, ಅಲ್ಲಿ ಜೇನು ಕೀಳಬೇಕಾದರೆ ಅವರನ್ನು ಕೇಳಬೇಕು.

ನಾನು ತಲೆಯಾಡಿಸುತ್ತಿದ್ದೆ. ಚುಕ್ಕೆ ಗುರುತಿಸುವ ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ. ದೇವರು ಅಂದಾಗ ಒತ್ತಿದೆ, ಮಾರಮ್ಮ ಅಂದಾಗ ಒತ್ತಿದೆ, ಎರಡು ವೀರು, ಮೂರು ಅಬ್ಬಿ, ಹೀಗೆ. ಮೂರನೇ ದಿನ ಸಂಜೆಗೆ 11 ಚುಕ್ಕೆಗಳಾಗಿದ್ದವು. ಕಲ್ಲುಗುಡಿಗೆ ಹೋದಾಗ ಮಳೆ ಶುರುವಾಗಿತ್ತು. ಅದು ಸತ್ತವರ ಜಾಗ, ಪೂಜೆಯ ಪಟ್ಟಿಗೆ ಯಾಕೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ಯಂತ್ರವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಜ್ಜ ಅಲ್ಲಿ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಹೆಸರು ಹೇಳುತ್ತಿದ್ದರು. ನಾನು ಮರದಡಿ ನಿಂತು, ಬೇಗ ಬನ್ನಿ ಅಂತ ಕೂಗಿದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವೂ ಅದೇ ಹಾದಿಯಲ್ಲಿದ್ದೀರಿ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೂರು ನಮೂನೆಗಳಿವೆ. ಎ ನಮೂನೆ ಒಬ್ಬೊಬ್ಬರ ಹಿಡುವಳಿಗೆ. ಬಿ ನಮೂನೆ ಸಮುದಾಯದ ಹಕ್ಕುಗಳಿಗೆ: ಕಿರು ಅರಣ್ಯ ಉತ್ಪನ್ನ, ಮೇಯಿಸುವುದು, ಮೀನು, ನೀರು ಇತ್ಯಾದಿ. ಸಿ ನಮೂನೆ 2012ರ ತಿದ್ದುಪಡಿಯಲ್ಲಿ ಬಂದದ್ದು, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ. ಅಂದರೆ ನಾವು ಹಿಂದಿನಿಂದ ಬಳಸಿ ಕಾಯ್ದುಕೊಂಡು ಬಂದ ಇಡೀ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕಿಗೆ. ಅದಕ್ಕೆ ನಕ್ಷೆ ಲಗತ್ತಿಸಬೇಕು, ಸಾಂಪ್ರದಾಯಿಕ ಗಡಿ ತೋರಿಸಬೇಕು, ಗಡಿಯೊಳಗಿನ ಗುರುತುಗಳನ್ನು ಕಾಣಿಸಬೇಕು, ಸುತ್ತಲಿನ ಊರುಗಳ ಹೆಸರು ಬರೆಯಬೇಕು. ಕಾಯ್ದೆಯ ವ್ಯಾಖ್ಯೆಯಲ್ಲೇ ರೂಢಿಯ ಗಡಿಯೊಳಗಿನ ಕಾಡು ಎಂದಿದೆ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೂ ಅದರಲ್ಲಿ ಸೇರುತ್ತವೆ ಎಂದಿದೆ. ಅಜ್ಜ ಮೂರು ದಿನ ನನಗೆ ನಡೆದು ತೋರಿಸಿದ್ದು ಸಿ ನಮೂನೆಯನ್ನೇ. ಕಾಯ್ದೆ ಕೇಳುವ ಒಂದೊಂದು ಕಾಲಮ್ಮಿಗೂ ಅವರು ಕಾಲಲ್ಲಿ ಉತ್ತರ ಬರೆದಿದ್ದರು.

ನಾನು ತುಂಬಿದ್ದು ಬಿ ನಮೂನೆ. ಅದರ ಕೊನೆಯಲ್ಲಿ "ಇತರೆ ಸಾಂಪ್ರದಾಯಿಕ ಹಕ್ಕು" ಅಂತ ಜಾಗವಿದೆ. ಅಲ್ಲಿ "ಪೂಜಾ ಸ್ಥಳಗಳು, 11" ಎಂದು ಬರೆದು ಪಟ್ಟಿ ಅಂಟಿಸಿದೆ. ಸಿ ನಮೂನೆ ಖಾಲಿ ಬಿಟ್ಟೆ. ತಿಳಿಯದೆ ಬಿಟ್ಟದ್ದಲ್ಲ. ಓದಿದ್ದೆ. ಸಾವಿರಾರು ಎಕರೆ ಕೇಳಿದರೆ ಅತಿಯಾಸೆ ಅಂದಾರು, ಹುಲಿ ಕಾಡು, ಕೊಡುವುದಿಲ್ಲ. ಸಣ್ಣದು ಕೇಳಿದರೆ ಬೇಗ ಕೊಡುತ್ತಾರೆ, ಮಿಕ್ಕದ್ದು ಆಮೇಲೆ ನೋಡೋಣ ಅಂದುಕೊಂಡೆ. ಯಜಮಾನರು "ಎಲ್ಲೆ ಬರೆದೆಯಾ?" ಎಂದು ಕೇಳಿದಾಗ "ದೇವರೆಲ್ಲ ಬರೆದಿದ್ದೀನಿ" ಅಂದೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೆ ಗೊತ್ತಿತ್ತು.

ಇನ್ನೊಂದು ಮಾತು, ಇದು ವರ್ಷಗಳ ಮೇಲೆ ಹೊಳೆದದ್ದು. ನಿಯಮ 13ರಲ್ಲಿ ಹಕ್ಕಿಗೆ ಯಾವುದು ಸಾಕ್ಷಿ ಎಂಬ ಪಟ್ಟಿ ಇದೆ. ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು ಅದರಲ್ಲಿವೆ. ಅಂದರೆ ಕಾಯ್ದೆಯ ಕಣ್ಣಲ್ಲಿ ನಮ್ಮ ಮಾರಮ್ಮ, ನಮ್ಮ ಕಲ್ಲುಗುಡಿ ಈ ನೆಲ ನಮ್ಮ ರೂಢಿಯದು ಎಂದು ನುಡಿಯುವ ಸಾಕ್ಷಿಗಳು. ನಾನು ಸಾಕ್ಷಿಗಳನ್ನೇ ಬೇಡಿಕೆಯಾಗಿ ಬರೆದೆ, ಬೇಡಿಕೆಯನ್ನು ಬಿಟ್ಟೇಬಿಟ್ಟೆ. ಗದ್ದೆಯ ವ್ಯಾಜ್ಯದಲ್ಲಿ ಗಡಿಕಲ್ಲು ನನಗೆ ಕೊಡಿ ಎಂದು ಕೇಳಿ ಗದ್ದೆಯನ್ನೇ ಕೇಳದೆ ಬಂದ ಹಾಗೆ. ಮೂರು ಸಲ ಓದಿಕೊಳ್ಳಿ ಇದನ್ನು. ನಿಮ್ಮ ಪ್ರಶ್ನೆಯಲ್ಲಿರುವುದೂ ಇದೇ ತಪ್ಪು. "ದೇವರ ಜಾಗ ಉಳಿಸಿಕೊಳ್ಳುವುದು ಹೇಗೆ" ಎಂದು ಕೇಳಿದ್ದೀರಿ. ಸುತ್ತಲ ಕಾಡು ಕೈತಪ್ಪಿದ ಮೇಲೆ ದೇವರ ಜಾಗ ಅಂತ ಒಂದು ಬೇರೆಯಾಗಿ ಉಳಿಯುವುದೇ ಇಲ್ಲ.

2015ರಲ್ಲಿ ಹಕ್ಕುಪತ್ರ ಬಂತು. ಹಬ್ಬದ ದಿನಗಳಲ್ಲಿ, ಮೊದಲೇ ತಿಳಿಸಿ, 11 ಸ್ಥಳಗಳಿಗೆ ಪೂಜೆಗೆ ಹೋಗಬಹುದು ಎಂದಿತ್ತು. ಪೋಡಿನಲ್ಲಿ ಸಂತೋಷಪಟ್ಟೆವು, ನಾನಂತೂ ಕುಣಿದೆ. ನಮ್ಮದಕ್ಕೂ ಪ್ಲಾಸ್ಟಿಕ್ ಹಾಕಿಸಿದೆ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ಒಂದು ಅಬ್ಬಿಗೆ ಹೋಗುವ ಕಾಲುದಾರಿಯಲ್ಲಿ ತಡೆದರು. ಚುಕ್ಕೆ ನಿಮ್ಮದು, ದಾರಿ ನಿಮ್ಮದಲ್ಲ ಅಂದರು. ಸುತ್ತಿ ಬೇರೆ ಕಡೆಯಿಂದ ಹೋಗಬೇಕಾಯಿತು. ವಯಸ್ಸಾದವರು ಹೋಗುವುದು ಬಿಟ್ಟರು. ಎರಡನೇ ಅಬ್ಬಿಯ ಸುತ್ತ ಲಾಂಟಾನ ತಲೆ ಮಟ್ಟ ಬೆಳೆದು ಒಳಗೆ ನುಸುಳಲಾಗಲಿಲ್ಲ. ಹಿಂದೆ ಬೇಸಿಗೆ ಏರುವ ಮುಂಚೆಯೇ ತರಗೆಲೆಗೆ ಸಣ್ಣ ಬೆಂಕಿ ಬಿಟ್ಟು ಆ ಪೊದೆಗಳನ್ನು ಎಳೆಯದರಲ್ಲೇ ಸುಡುತ್ತಿದ್ದರು, ನೆಲ್ಲಿ ಮರಕ್ಕೆ ಹತ್ತುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು. ಕಾಡನ್ನು ನಿರ್ವಹಿಸುವ ಹಕ್ಕು ಇದ್ದಿದ್ದರೆ ಗ್ರಾಮಸಭೆಯಲ್ಲಿ ಕೂತು ಪೊದೆ ತೆಗೆಯುವ ಬಗ್ಗೆ ಏನಾದರೂ ತೀರ್ಮಾನ ಮಾಡಬಹುದಿತ್ತು. ನಮ್ಮ ಬಳಿ ಇದ್ದದ್ದು ಪೂಜೆಯ ಹಕ್ಕು. ಬತ್ತಿದ ಅಬ್ಬಿಯ ಮುಂದೆ ನಿಂತು ಪೂಜೆ ಮಾಡಿದೆವು.

2017ರ ಬೇಸಿಗೆಯಲ್ಲಿ ಗಸ್ತಿನ ಜೀಪಿಗೆಂದು ಹಳೆ ಗಾಡಿದಾರಿ ಅಗಲ ಮಾಡಿದರು, ಹಳ್ಳಕ್ಕೆ ಮೋರಿ ಕಟ್ಟಿದರು. ಕಲ್ಲು ಹತ್ತಿರದಲ್ಲೇ ಸಿಕ್ಕಿತ್ತು. ಸಣ್ಣವು, ಹದವಾದವು, ಹೊತ್ತು ತರಲು ಹಗುರ. ನಮ್ಮ ಕಲ್ಲುಗುಡಿಯವು.

ಕೆಲಸಕ್ಕೆ ಹೋಗಿದ್ದ ಆಳುಗಳಿಗೆ ಅದು ಏನೆಂದು ತಿಳಿದಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಹತ್ತು ಹನ್ನೆರಡು ಜನ ಕಚೇರಿಗೆ ಹೋಗಿ ಕೂತೆವು. ಅಲ್ಲಿನ ಅಧಿಕಾರಿ ಕೂಗಾಡಲಿಲ್ಲ, ಗದರಲೂ ಇಲ್ಲ. ಕಡತ ತರಿಸಿ ನನ್ನ ನಕ್ಷೆಯನ್ನೇ ಮೇಜಿನ ಮೇಲೆ ಹರಡಿದರು. "ತೋರಿಸಿ, ಎಲ್ಲಿದೆ?" ಅಂದರು. ನಕ್ಷೆಯ ಕೆಳಗೆ ನನ್ನ ಸಹಿ ಇತ್ತು. 11 ಚುಕ್ಕೆಗಳಲ್ಲಿ ಅದು ಇರಲಿಲ್ಲ. "ಬೇರೆ ಯಾವ ಸ್ಥಳವೂ ಇಲ್ಲ ಅಂತ ನೀವೇ ಬರೆದುಕೊಟ್ಟ ಹಾಗಲ್ಲವೇ?" ಎಂದರು. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ.

ಅಜ್ಜ ಹೊರಗೆ ಬೇವಿನ ಕೆಳಗೆ ಕೂತಿದ್ದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿ, "ಅಲ್ಲಿ ನೀ ಒತ್ತನಿಲ್ವಾ ಮಗ?" ಎಂದು ಕೇಳಿದರು. ಅಷ್ಟೇ. ಅದಾದ ಮೇಲೆ ಆ ಮಾತು ಎಂದೂ ಎತ್ತಲಿಲ್ಲ. 2019ರಲ್ಲಿ ತೀರಿಕೊಂಡರು. ಅವರ ಕಲ್ಲು ನಿಲ್ಲಿಸಲು ಹೋದಾಗ ಅವರಪ್ಪನ ಕಲ್ಲಿನ ಪಕ್ಕ ನಿಲ್ಲಿಸಲಾಗಲಿಲ್ಲ. ಅವರಪ್ಪನ ಕಲ್ಲು ಮೋರಿಯಲ್ಲಿತ್ತು.

ಈಗ ನಿಮ್ಮ ಪ್ರಶ್ನೆ. ಗುಡಿ ಕಟ್ಟಬೇಡಿ. ಸಿಮೆಂಟು ಹೋದ ಕಡೆ ಹುಂಡಿ ಹೋಗುತ್ತದೆ, ಹುಂಡಿ ಹೋದ ಕಡೆ ಹೊರಗಿನ ಪೂಜಾರಿ ಹೋಗುತ್ತಾನೆ, ಕೊನೆಗೆ ನಿಮ್ಮ ಅಜ್ಜಂದಿರು ಹೊರಗೆ ಸಾಲಿನಲ್ಲಿ ನಿಲ್ಲುತ್ತಾರೆ. ಬೇಲಿಯೂ ಬೇಡ. ಬೇಲಿ ಹಾಕಿದ ದಿನ ಬೇಲಿಯಾಚೆಯದು ನಮ್ಮದಲ್ಲ ಎಂದು ನೀವೇ ಒಪ್ಪಿಕೊಂಡ ಹಾಗೆ. ಹಾಡಿಯ ಹುಡುಗರು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರೆ ಜನಕ್ಕೆ ತಿಳಿದು ರಕ್ಷಣೆ ಸಿಗುತ್ತದೆ ಎನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ಕೈ ಮುಗಿಯುತ್ತೇನೆ, ಬೇಡ. ನೋಡಲು ಬರುವವರು ಕಾಯಲು ಬರುವುದಿಲ್ಲ.

ನಡೆಯಿರಿ. ಹಿರಿಯರನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ, ಅವರು ನಿಂತಲ್ಲೆಲ್ಲ ಒತ್ತಿ. ಯಾವುದು ಮುಖ್ಯ ಎಂದು ನೀವು ತೀರ್ಮಾನಿಸಬೇಡಿ. ಹೆಂಗಸರನ್ನು ಬೇರೆಯಾಗಿ ಕರೆದುಕೊಂಡು ಇನ್ನೊಂದು ಸಲ ನಡೆಯಿರಿ. ನಾನು ಆಗ ಗಂಡಸರನ್ನಷ್ಟೇ ಕರೆದೊಯ್ದಿದ್ದೆ. ಗೆಣಸಿನ ಜಾಗ, ಸೊಪ್ಪಿನ ಜಾಗ, ಹೆರಿಗೆಯ ಮದ್ದಿನ ಬೇರು ಸಿಗುವ ಜಾಗ ನಮ್ಮ ಅತ್ತೆಯರಿಗೆ ಗೊತ್ತಿದ್ದಷ್ಟು ಅಜ್ಜನಿಗೂ ಗೊತ್ತಿರಲಿಲ್ಲ. ಆ ಗಡಿಯ ಸುತ್ತು ಪೂರ್ತಿ ಹಾಕಿ ಸಿ ನಮೂನೆ ತುಂಬಿ, ಬಿ ನಮೂನೆಯನ್ನೂ ಜೊತೆಗೆ ಕೊಡಿ. ಜೇನುಕುರುಬರು ವಿಶೇಷ ದುರ್ಬಲ ಬುಡಕಟ್ಟಿನ ಪಟ್ಟಿಯಲ್ಲಿದ್ದೀರಿ, ಕರ್ನಾಟಕದಲ್ಲಿ ಕೊರಗರು ಮತ್ತು ನೀವು ಮಾತ್ರ. ಕಾಯ್ದೆಯ 3(1)(ಇ) ಪ್ರಕಾರ ಆವಾಸದ ಹಕ್ಕನ್ನೂ, ಅಂದರೆ ನಿಮ್ಮ ಜನ ಬದುಕಿ ಬಂದ ನೆಲೆಯ ಮೇಲಿನ ಹಕ್ಕನ್ನೂ, ಕೇಳಬಹುದು. ಅದು ನಮಗಿಲ್ಲ, ನಿಮಗಿದೆ. ಕೇಳದೆ ಬಿಡಬೇಡಿ.

ಆದರೆ ಕಚೇರಿಗೆ ಕೊಡುವ ನಕ್ಷೆಯಲ್ಲಿ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ನಾವು ಈಗ ಎರಡು ನಕ್ಷೆ ಇಟ್ಟಿದ್ದೇವೆ. ಒಂದರಲ್ಲಿ ಗಡಿ, ಹಳ್ಳ, ಬಂಡೆ, ಹಳೆ ಪೋಡು, ದಾರಿಗಳು ಮತ್ತು ಸಾಕ್ಷಿಗೆ ಬೇಕಾದಷ್ಟು ತಾಣಗಳು. ಇನ್ನೊಂದರಲ್ಲಿ ಎಲ್ಲ ಹೆಸರು, ಎಲ್ಲ ಕಥೆ, ಯಾರ ಕಲ್ಲು ಯಾವುದು ಎಂಬುದು. ಅದು ಪೋಡು ಬಿಟ್ಟು ಹೊರಗೆ ಹೋಗುವುದಿಲ್ಲ. ಗಡಿಯನ್ನು ಪೂರ್ತಿ ಕೇಳಿದ್ದರೆ ಒಳಗಿನ ಗುಟ್ಟು ಗುಟ್ಟಾಗಿಯೇ ಇರಬಹುದು. ಚುಕ್ಕೆ ಕೇಳಿದರೆ ಮಾತ್ರ ಎಲ್ಲವನ್ನೂ ಬಯಲು ಮಾಡಲೇಬೇಕಾಗುತ್ತದೆ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಸಹಿ ಹೆಬ್ಬೆಟ್ಟು ಎಣಿಸಿ ನೋಡಿ. ಸಾಕ್ಷಿ ಕನಿಷ್ಠ ಎರಡು ಬೇಕು. ಹಿರಿಯರ ಹೇಳಿಕೆ ಬರೆದುಕೊಳ್ಳುವಾಗ ಅರ್ಜಿದಾರರಲ್ಲದ ಹಿರಿಯರದ್ದು ಎಂದು ನಿಯಮವಿದೆ, ಆದ್ದರಿಂದ ಪಕ್ಕದ ಹಾಡಿಯ ಅಜ್ಜ ಅಜ್ಜಿಯರನ್ನು ಕೇಳಿ. ನಿಮ್ಮ ಗಡಿ ಎಲ್ಲಿ ಮುಗಿಯುತ್ತದೆ ಎಂದು ಚೆನ್ನಾಗಿ ಗೊತ್ತಿರುವುದೂ ಅವರಿಗೇ. ಸ್ಥಳ ಪರಿಶೀಲನೆಯ ದಿನವನ್ನು ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಅವರು ಬರದೆ ಆಮೇಲೆ ತಕರಾರು ತೆಗೆದರೆ ಕಡತ ಗ್ರಾಮಸಭೆಗೆ ಮರಳುತ್ತದೆ, ಎರಡನೇ ಸಲವೂ ಬರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಕೊನೆ. ಯಾವುದಾದರೂ ಒಂದೇ ಬಗೆಯ ದಾಖಲೆ ಬೇಕೇಬೇಕು ಎಂದು ಯಾರೂ ಹಟ ಹಿಡಿಯುವಂತಿಲ್ಲ. ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಿ.

ಅಷ್ಟೊಂದು ದೊಡ್ಡದು ಕೇಳಿದರೆ ಕೊಡುತ್ತಾರೆಯೇ ಎಂಬ ಅಳುಕು ನಿಮಗೂ ಬರುತ್ತದೆ. ಒಡಿಶಾದ ನಿಯಮಗಿರಿಯನ್ನು ನೆನೆಸಿಕೊಳ್ಳಿ. ಬಾಕ್ಸೈಟ್ ಗಣಿಗೆ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಗ್ರಾಮಸಭೆಗಳೇ ಹೇಳಲಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆರಿಸಿದ್ದು 12 ಹಳ್ಳಿಗಳನ್ನು. ಹನ್ನೆರಡೂ ಬೇಡ ಎಂದವು. ಆ ಬೆಟ್ಟದ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂಧರು ಸಭೆಗಳಲ್ಲಿ ಹೇಳಿದ್ದು, ತಮ್ಮ ದೇವರಾದ ನಿಯಮರಾಜ ಒಂದು ಶಿಖರದ ಮೇಲೆ ಕೂತ ದೇವರಲ್ಲ, ಬೆಟ್ಟ ಪೂರ್ತಿ ಅವನೇ ಎಂದು. ಅವರಲ್ಲಿ ಯಾರಾದರೂ ನನ್ನಂತೆ ಪೂಜೆಯ ಜಾಗಗಳ ಪಟ್ಟಿ ಬರೆದುಕೊಟ್ಟಿದ್ದರೆ ಆ ಪಟ್ಟಿ ಬಿಟ್ಟು ಮಿಕ್ಕ ಬೆಟ್ಟವನ್ನು ಅಗೆಯುತ್ತಿದ್ದರು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ನಾನು ಬಿ ನಮೂನೆ ತುಂಬಿದ್ದು ಅದೇ 2013ರಲ್ಲಿ. ನಿಯಮಗಿರಿಯ ಸುದ್ದಿ ಪೇಪರಿನಲ್ಲಿ ಓದಿದ್ದೆ. ನಮ್ಮ ಅಜ್ಜನೂ ಮೂರು ದಿನ ಅದನ್ನೇ ಹೇಳುತ್ತಿದ್ದಾರೆ ಎಂದು ಮಾತ್ರ ಹೊಳೆಯಲಿಲ್ಲ.

ನಾವು 2021ರಿಂದ ಮತ್ತೆ ನಡೆಯುತ್ತಿದ್ದೇವೆ. ಅಜ್ಜನ ತಮ್ಮ ಇದ್ದಾರೆ, ಕಣ್ಣು ಮಂಜು. ಕೈ ಹಿಡಿದು ಕರೆದೊಯ್ದರೆ ಕಾಲಿಗೆ ತಾಗುವ ಬೇರು, ಬಂಡೆಯ ಮೇಲೆ ಜಾಗ ಹೇಳುತ್ತಾರೆ. ಅತ್ತೆಯರಿಬ್ಬರು ಜೊತೆಗಿರುತ್ತಾರೆ, ಈ ಸಲ ಒತ್ತುವವಳು ನನ್ನ ತಂಗಿಯ ಮಗಳು. ಗಡಿಯ ಸುತ್ತು ಮುಗಿದಿದೆ. ಸಿ ನಮೂನೆ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆಯಾಗಿ ಉಪವಿಭಾಗ ಮಟ್ಟದ ಸಮಿತಿಯಲ್ಲಿದೆ. ಅದರಲ್ಲಿ ಕಲ್ಲುಗುಡಿ ಇದೆ, ಮೋರಿಯೂ ಇದೆ. ಮೋರಿಯ ಮುಂದೆ "ಕಲ್ಲುಗುಡಿಯ ಕಲ್ಲುಗಳು ಈಗ ಇಲ್ಲಿವೆ" ಎಂದು ಬರೆಸಿದ್ದೇವೆ.

ನಿಮ್ಮ ಹಾಡಿಯಲ್ಲಿ ನಡೆಯಬಲ್ಲ ಹಿರಿಯರು ಎಷ್ಟು ಜನ ಉಳಿದಿದ್ದಾರೆ, ಅದನ್ನು ಮೊದಲು ನೋಡಿ. ಅರ್ಜಿಗೆ ಕೊನೆಯ ದಿನಾಂಕ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಹಿರಿಯರನ್ನು ಕರೆದುಕೊಂಡು ಹೊರಡುವುದನ್ನು ಮಾತ್ರ ಮಳೆಗಾಲ ಕಳೆಯಲಿ ಅಂತ ಮುಂದೂಡಬೇಡಿ. ನಕ್ಷೆ ಬಿಡಿಸಲು ಕೂತಾಗ ಸಂದೇಶ ಕಳಿಸಿ, ಬರುತ್ತೇನೆ. ಯಂತ್ರ ನನ್ನ ಹತ್ತಿರ ಇದೆ, ಬ್ಯಾಟರಿ ಈಗ ಆರು ಜೊತೆ ಇಟ್ಟುಕೊಂಡಿದ್ದೇನೆ.